ಎಳೆ ಚಂದ್ರನಲ್ಲಿ ಕಡಿದ ಗೂಟಗಳು

ಚೊಲುತೇಕ ಸೀಮೆಯ ಆ ಒಣಗುಡ್ಡದಲ್ಲಿ ಎದುವಿಹೆಸ್‌ಗೆ ನೀರು ತರುವುದರಲ್ಲೇ ಅರ್ಧ ದಿನ ಕಳೆಯುತ್ತಿತ್ತು. ಬಾವಿ ಏನೋ ಹಿತ್ತಲಾಚೆಯೇ ಇತ್ತು, ತಮ್ಮ ಅಬೆಲಿನೊನ ಪಾಲಿನಲ್ಲಿ. ನಡುವೆ ಬೇಲಿ ಬಂದ ಮೇಲೆ ಹಳ್ಳಕ್ಕಿಳಿದು ಒರತೆ ತೋಡಿ, ಕೊಡ ಹೊತ್ತು ಏರು ಹತ್ತಬೇಕಾಯಿತು. ಅರವತ್ತು ದಾಟಿದ ಮಂಡಿಗೆ ಇದೆಲ್ಲ ಬೇಕಿತ್ತೇ?

ಬೇಲಿಗೆ ಒಪ್ಪಿದವಳು ಅವಳೇ, ನಿಜ. ತಮ್ಮನ ಹಸು ಅವಳ ಜೋಳಕ್ಕೆ ಬಾಯಿ ಹಾಕಿ ಜಗಳವಾದಾಗ, ಬೆಳೆ ಮನೆ ಸೇರುವ ತನಕ ಬೇಲಿ ಇರಲಿ, ಆಮೇಲೆ ಕಿತ್ತು ಒಲೆಗೆ ಹಾಕೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಗೂಟಕ್ಕೆ ಅಲ್ಲಿ ಎಲ್ಲರೂ ಕಡಿಯುವುದು ಮದ್ರೆಯಾದೊ ಮರವನ್ನೇ. ಅದರ ಸೊಪ್ಪು ದನಕ್ಕೂ ಆಯಿತು, ಹೊಲಕ್ಕೂ ಆಯಿತು. ಮಕ್ಕಳಿಗೆ ಕಜ್ಜಿಯೆದ್ದರೆ ಅದರದೇ ಸ್ನಾನ. ಆದರೆ ನೆಟ್ಟಲ್ಲೇ ಬೇರು ಬಿಡುವ ಜಾತಿ. ಚಿಗುರಿದ ಬೇಲಿಯನ್ನು ಆ ಊರಲ್ಲಿ ಯಾರೂ ಮುಟ್ಟುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಅದೇ ಗಡಿ. ಅದಕ್ಕೇ ಎದುವಿಹೆಸ್ ಎಳೆ ಚಂದ್ರನಿದ್ದಾಗ ತಾನೇ ನಿಂತು ಗೂಟ ಕಡಿದಿದ್ದಳು. ಹುಣ್ಣಿಮೆ ಕಳೆದು ಕಡಿದದ್ದು ಚಿಗುರುತ್ತದೆ, ಎಳೆ ಚಂದ್ರನಲ್ಲಿ ಕಡಿದದ್ದು ಕೊಳೆಯುತ್ತದೆ ಎಂದು ಅಲ್ಲಿ ಕೂಸಿಗೂ ಗೊತ್ತು.

ಮಳೆಗಾಲದಲ್ಲಿ ಮಗಳ ಬಾಣಂತನಕ್ಕೆ ಹೋದವಳು ತಿರುಗಿ ಬಂದು ನೋಡಿದರೆ, ಗೂಟಗಳೆಲ್ಲ ಮೊಳದುದ್ದ ಚಿಗುರಿ ನಿಂತಿದ್ದವು. ವಯಸ್ಸಾಯಿತು, ಚಂದ್ರನನ್ನೂ ಸರಿಯಾಗಿ ನೋಡಲಿಲ್ಲವೇನೋ ಎಂದು ತನ್ನನ್ನೇ ಬೈದುಕೊಂಡಳು. ಜೋಳ ಮನೆಗೆ ಬಂತು, ಬೇಲಿ ಹೋಗಲಿಲ್ಲ. ಕೇಳಿದಾಗಲೆಲ್ಲ ಅಬೆಲಿನೊ, ಜೀವ ಹಿಡಿದದ್ದನ್ನು ಕಿತ್ತರೆ ಜನ ಏನಂದಾರು ಎಂದು ನುಣುಚಿಕೊಳ್ಳುತ್ತಿದ್ದ. ಬಾವಿ ತನಗೊಬ್ಬನಿಗೇ ಉಳಿಯಿತೆಂಬ ಸಮಾಧಾನ ಅವನ ಮುಖದಲ್ಲೇ ಕಾಣುತ್ತಿತ್ತು.

ಒಂದು ಬೆಳಿಗ್ಗೆ ಹಳ್ಳದ ಏರಿನಲ್ಲಿ ಕಾಲು ಜಾರಿ, ತುಂಬಿದ ಕೊಡವೆಲ್ಲ ಚೆಲ್ಲಿಹೋಯಿತು. ಅಳುವೂ ಬರಲಿಲ್ಲ, ಅಷ್ಟು ಸಾಕಾಗಿತ್ತು ಅವಳಿಗೆ. ಮನೆಗೆ ಬಂದು ಮಚ್ಚು ತೆಗೆದುಕೊಂಡು, ಖಾಲಿ ಕೊಡದ ಸಮೇತ ಬೇಲಿಗೆ ಹೋದಳು. ಹತ್ತಿರದಿಂದ ನೋಡಿದರೆ ಗೂಟದ ತುದಿಯ ಕಡಿತ ಅವಳ ಮಚ್ಚಿನದಾಗಿರಲಿಲ್ಲ. ಆಚೆ ಅಬೆಲಿನೊ ಹಸುವಿಗೆ ಸೊಪ್ಪು ಕಟ್ಟುತ್ತಿದ್ದ.

"ಇವು ನಾನು ಕಡಿದ ಗೂಟ ಅಲ್ಲ, ಅಲ್ವೇನೋ?"

ಅವನು ತಲೆ ಎತ್ತಲಿಲ್ಲ. "ಅಲ್ಲ. ನೀನು ಊರಲ್ಲಿಲ್ದಾಗ ಬದಲಾಯಿಸ್ದೆ. ಹುಣ್ಣಿಮೆ ಕಳೆದ್ಮೇಲೆ ಕಡಿದು ತಂದೆ. ನೀನೇ ಕಲಿಸಿದ್ದಲ್ವಾ ಅಕ್ಕಾ."

ಅವ್ವ ಸತ್ತಾಗ ಇವನಿನ್ನೂ ತೊದಲುತ್ತಿದ್ದ. ಎದುವಿಹೆಸ್ ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಚಂದ್ರನನ್ನು ತೋರಿಸಿದ್ದಳು. ಬೈಯಬೇಕೆನಿಸಿತು, ತ್ರಾಣವಿರಲಿಲ್ಲ. ಇದ್ದಬದ್ದದ್ದನ್ನೆಲ್ಲ ತೋಳಿಗೆ ತಂದುಕೊಂಡು ಗೂಟದ ಬುಡಕ್ಕೆ ಮಚ್ಚು ಹಾಕಿದಳು. ಒಂದು ಉರುಳಿತು, ಪಕ್ಕದ್ದೂ ಉರುಳಿತು. ಗೂಟಗಳಿಗೆ ಬಿಗಿದಿದ್ದ ಮುಳ್ಳುತಂತಿ ನೆಲಕ್ಕೆ ಬಿತ್ತು.

ಅಬೆಲಿನೊ ಎದ್ದು ನಿಂತನೇ ಹೊರತು ತಡೆಯಲಿಲ್ಲ.

"ಬುಡದಿಂದ ಮತ್ತೆ ಚಿಗುರುತ್ತೆ ಅಕ್ಕಾ. ಸುಮ್ನೆ ಯಾಕೆ?"

"ಚಿಗುರಲಿ ಬಿಡು. ಮತ್ತೆ ಕಡೀತೀನಿ. ನಂಗೆ ನೀರು ದಿನಾ ಬೇಕು."

ತಂತಿಯ ಮೇಲೆ ಕಾಲಿಟ್ಟು ದಾಟಿ, ಅವನ ಪಕ್ಕದಲ್ಲೇ ಹಾದು, ಬಾವಿಗೆ ಹಗ್ಗ ಬಿಟ್ಟಳು.