ಫ್ಲೆಕ್ಸಿನಲ್ಲಿ ಬಂದ ಊರು

"ಭಾವ, ಇನ್ನೂ ಸ್ವಲ್ಪ ಎಡಕ್ಕೆ ಎಳೀರಿ. ವೈರು ಮಗು ಮುಖಕ್ಕೇ ಅಡ್ಡ ಬರ್ತಿದೆ" ಎಂದು ಭಾಗ್ಯಲಕ್ಷ್ಮಿ ಕೆಳಗಿನಿಂದ ಹೇಳಿದಳು. ಏಣಿಯ ಮೇಲಿದ್ದ ಮುನಿಶಾಮಿ ಹಗ್ಗ ಎಳೆದು ಕಂಬಕ್ಕೆ ಬಿಗಿದ. ಆಗತಾನೇ ಓಣಿಗೆ ಕಾಲಿಟ್ಟ ನಂದಿತಾ, ಅಮ್ಮ ಮತ್ತು ದೊಡ್ಡಪ್ಪ ಸೇರಿ ಯಾರ ಫ್ಲೆಕ್ಸ್ ಕಟ್ಟುತ್ತಿದ್ದಾರೆಂದು ತಲೆಯೆತ್ತಿದರೆ, ಅಲ್ಲಿ ಅವಳೇ ಇದ್ದಳು.

ಹತ್ತಡಿ ಉದ್ದದ ಫ್ಲೆಕ್ಸು. ಅಂಗಡಿಯವನು ಕಂಪ್ಯೂಟರಿನಲ್ಲಿ ಅವಳ ಮುಖವನ್ನು ಅವಳಿಗೇ ಗುರುತು ಸಿಗದಷ್ಟು ಬೆಳ್ಳಗೆ ಮಾಡಿದ್ದ. 'ಹೈದರಾಬಾದಿನಲ್ಲಿ ಪರಿಸರ ನೀತಿಯ ಉನ್ನತ ವ್ಯಾಸಂಗಕ್ಕೆ ಹೊರಟಿರುವ ನಮ್ಮ ಮನೆಮಗಳು ಕುಮಾರಿ ನಂದಿತಾಗೆ ಹಾರ್ದಿಕ ಅಭಿನಂದನೆಗಳು.' ಕೆಳಗೆ ಶುಭ ಕೋರುವವರ ಸಾಲಿನಲ್ಲಿ ದೊಡ್ಡಪ್ಪನಿಂದ ಹಿಡಿದು ಹಾಲು ಕುಡಿಯುವ ಕೂಸಿನವರೆಗೆ ಹದಿನಾಲ್ಕು ದುಂಡು ಮುಖಗಳು. ಪರಿಸರ ಓದಲು ಹೊರಟವಳಿಗೆ ಪ್ಲಾಸ್ಟಿಕ್ಕಿನ ಅಭಿನಂದನೆ.

ನಂದಿತಾ ಗಾಬರಿಯಾದದ್ದು ಅದಕ್ಕಲ್ಲ. ಅವಳು ಇನ್ನೂ ಹೈದರಾಬಾದನ್ನು ಆರಿಸಿಕೊಂಡೇ ಇರಲಿಲ್ಲ. ಬರೆದ ಒಂದೇ ಪ್ರವೇಶ ಪರೀಕ್ಷೆಯಿಂದ ಗುವಾಹಟಿಯಲ್ಲೂ ಸೀಟು ಸಿಕ್ಕಿತ್ತು. ಒಂದನ್ನು ಒಪ್ಪಿ ಇನ್ನೊಂದನ್ನು ಬಿಟ್ಟುಕೊಡಲು ಇವತ್ತು ಸಂಜೆ ಐದರವರೆಗೆ ಸಮಯವಿತ್ತು.

ಇಪ್ಪತ್ತು ದಿನ ಎರಡನ್ನೂ ಅಳೆದು ತೂಗಿದ್ದಳು. ಎರಡೂ ಕಡೆ ಎರಡೇ ವರ್ಷ, ಹೆಚ್ಚುಕಡಿಮೆ ಅವೇ ಪಾಠಗಳು. ವೆಬ್‌ಸೈಟಿನಲ್ಲಿ ಮರದ ಕೆಳಗೆ ಕೂತ ಹುಡುಗ ಹುಡುಗಿಯರು ಕೂಡ ಒಂದೇ ಥರ ನಗುತ್ತಿದ್ದರು. "ಎರಡೂ ಒಂದೇ" ಎಂದು ಮನೆಯಲ್ಲಿ ದಿನಾ ಹೇಳಿದ್ದಳು. ಇವತ್ತು ಶಿವಾಜಿನಗರದಲ್ಲಿ ಗೆಳತಿಯ ಮನೆಗೆ ಹೋಗಿ ವಾಪಸಾಗುವಾಗ ಬಸ್ಸು ಟಿನ್ ಫ್ಯಾಕ್ಟರಿ ಸ್ಟಾಪಿನ ಹತ್ತಿರ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತುಬಿಟ್ಟಿತು. ಅಲ್ಲಿ ಅವಳಿಗೆ ಉತ್ತರ ಹೊಳೆಯಿತು. ಹೈದರಾಬಾದೆಂದರೆ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಇಳಿಯುವ ಊರು. ತಿಂಗಳಿಗೊಮ್ಮೆ ಮನೆಯವರು ಬರುತ್ತಾರೆ, ಇಲ್ಲವೇ ಸೀಮಂತ, ನಾಮಕರಣ ಎಂದು ಅವಳನ್ನು ಕರೆಸುತ್ತಾರೆ. ಗುವಾಹಟಿಗೆ ಹತ್ತಿರ ಹತ್ತಿರ ಮೂರು ದಿನದ ರೈಲು. ಅವಳಿಗೆ ಬೇಕಾಗಿದ್ದದ್ದು ಆ ಮೂರು ದಿನ. ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು, ಖುಷಿಯೂ ಆಯಿತು.

"ದೊಡ್ಡಪ್ಪ, ಹೈದರಾಬಾದ್ ಅಂತ ಯಾರು ಹೇಳಿದ್ದು?"

"ನೀನೇ ನಿಮ್ಮಮ್ಮಂಗೆ ಲೆಟರ್ ಕಳಿಸಿದ್ಯಲ್ಲ. ಅವಳು ಮನೆಯವ್ರ ಗ್ರೂಪಿಗೆ ಹಾಕಿದ್ಳು, ನಾನು ಪ್ರಿಂಟಿಗೆ ಕೊಟ್ಟೆ." ಮುನಿಶಾಮಿ ಏಣಿ ಇಳಿದು ಬೆವರು ಒರೆಸಿಕೊಂಡ.

ಮೊದಲು ಬಂದ ಸೀಟಿನ ಪತ್ರ ಅದು. ಎರಡನೆಯದನ್ನು ಅವಳು ಬಾಯಲ್ಲಷ್ಟೇ ಹೇಳಿದ್ದಳು.

"ನಾನು ಗುವಾಹಟಿಗೆ ಹೋಗೋಣ ಅಂತ..."

"ಎರಡೂ ಒಂದೇ ಅಂತಿದ್ದಲ್ಲಮ್ಮ. ಒಂದೇ ಆದ್ಮೇಲೆ ಹತ್ರದ್ದೇ ಆಗ್ಲಿ ಬಿಡು. ಅಲ್ಲೇನಾದ್ರೂ ಜಾಸ್ತಿ ಇದ್ಯಾ?"

ಇತ್ತು. ದೂರ ಜಾಸ್ತಿ ಇತ್ತು. ಅದನ್ನು ಈ ಮನುಷ್ಯನ ಮುಂದೆ ಹೇಗೆ ಹೇಳುವುದು? ಅಪ್ಪ ಇಲ್ಲದ ಮನೆಯಲ್ಲಿ ಎಲ್ಲದಕ್ಕೂ ನಿಂತವನು ಈತ. ಪರೀಕ್ಷೆಯ ದಿನ ಹಲಸೂರಿನ ಕೇಂದ್ರದ ಗೇಟಿನ ಹೊರಗೆ ಮೂರು ಗಂಟೆ ಬಿಸಿಲಲ್ಲಿ ಕಾದಿದ್ದ. ಒಂದು ದಿನವಾದರೂ ಗದರಿದ್ದರೆ ಇವತ್ತು ಎದುರು ಮಾತಾಡಬಹುದಿತ್ತು.

"ಏನಿಲ್ಲ" ಎಂದಳು.

ನಾಲ್ಕೂವರೆಗೆ ಅವಳು ಮತ್ತೆ ಹೊರಗೆ ಬಂದಾಗ ದೊಡ್ಡಪ್ಪ ಸಿಹಿ ತರಲು ಹೋಗಿದ್ದ. ಅಜ್ಜಿ ಮುನಿವೆಂಕಟಮ್ಮ ಫ್ಲೆಕ್ಸಿನ ಎದುರು ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಓದು ಬಾರದ ಮುದುಕಿ ಹೋಗುವವರನ್ನೆಲ್ಲ ನಿಲ್ಲಿಸಿ ಓದಿಸಿ ಕೇಳುತ್ತಿದ್ದಳು.

"ಬಾರೇ ಇಲ್ಲಿ. ನಿನ್ನ ಬಾಯಲ್ಲೂ ಒಂದ್ಸಲ ಕೇಳ್ತೀನಿ, ಓದು."

ನಂದಿತಾ ತಲೆಯೆತ್ತಿದಳು. "ಗುವಾಹಟಿಯಲ್ಲಿ ಪರಿಸರ ನೀತಿಯ ಉನ್ನತ ವ್ಯಾಸಂಗಕ್ಕೆ ಹೊರಟಿರುವ ನಮ್ಮ ಮನೆಮಗಳು..." ದನಿ ತಾನಾಗಿಯೇ ಗಟ್ಟಿಯಾಯಿತು. ಕೊನೆಯವರೆಗೂ ಓದಿದಳು.

ಅಜ್ಜಿ ಅವಳ ಕಡೆ ತಿರುಗಿದಳು. "ಏಳು ಜನ ಓದವ್ರೆ. ಯಾರೂ ಹಿಂಗೆ ಓದ್ಲಿಲ್ಲ. ದೂರಾನಾ ಅದು?"

"ಮೂರು ದಿನ ಆಗುತ್ತೆ, ಅಜ್ಜಿ."

ಅಷ್ಟರಲ್ಲಿ ಮುನಿಶಾಮಿ ಮೈಸೂರುಪಾಕಿನ ಡಬ್ಬಿ ಹಿಡಿದು ಬಂದ. "ಅವಳ ಕೈಲೇ ಓದಿಸ್ತಿದ್ದೀಯೇನಮ್ಮ? ತಡಿ, ತಡಿ" ಎಂದು ಫೋನ್ ತೆಗೆದು ವಿಡಿಯೊಗೆ ಹಿಡಿದ. "ಈಗ ಓದಮ್ಮ. ಗ್ರೂಪಿಗೆ ಹಾಕ್ತೀನಿ."

ನಂದಿತಾ ಅಜ್ಜಿಯ ಮುಖ ನೋಡಿದಳು. ಆಮೇಲೆ "ಹೈದರಾಬಾದಿನಲ್ಲಿ" ಎಂದು ಶುರುಮಾಡಿದಳು. ಈ ಸಲ ಎರಡು ಕಡೆ ತಡವರಿಸಿದಳು. ಹುಡುಗಿಗೆ ಸಂಕೋಚ ಎಂದುಕೊಂಡ ದೊಡ್ಡಪ್ಪ ಅವಳ ಬಾಯಿಗೆ ಒಂದು ತುಂಡು ಇಟ್ಟು, ಮಿಕ್ಕಿದ್ದನ್ನು ಅಕ್ಕಪಕ್ಕದ ಮನೆಗಳಿಗೆ ಹಂಚಲು ಹೋದ.

ಐದಕ್ಕೆ ಎಂಟು ನಿಮಿಷವಿತ್ತು. ನಂದಿತಾ ಅಲ್ಲೇ ನಿಂತು ಫೋನ್ ತೆಗೆದು ಹೈದರಾಬಾದನ್ನು ಒತ್ತಿದಳು. ಖಚಿತವೇ ಎಂದು ಅದು ಇನ್ನೊಮ್ಮೆ ಕೇಳಿತು. ಅದಕ್ಕೂ ಹೌದೆಂದಳು. ಬಾಯಲ್ಲಿದ್ದ ಸಿಹಿ ಇನ್ನೂ ಗಂಟಲಿಗಿಳಿದಿರಲಿಲ್ಲ.

"ಆಯ್ತಾ?" ಎಂದಳು ಅಜ್ಜಿ.

"ಆಯ್ತು."

"ಮೊದಲು ಓದಿದ್ದೇ ಚೆನ್ನಾಗಿತ್ತು ಕಣೇ."

ಮುನಿವೆಂಕಟಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿ, ಫ್ಲೆಕ್ಸಿಗೆ ಬೆನ್ನು ಹಾಕಿ ಕೂತಳು.