ಪೆಟ್ಟಿಗೆಯ ಮೇಲಿಟ್ಟ ಚೀಟಿ

ಅರಸೀಕೆರೆ ಅಂತ ಊರಿನ ಹೆಸರಲ್ಲೇ ಕೆರೆ ಇದೆ. ಹೆಸರು ಹೇಳಿದರೆ ಬಿಂದಿಗೆ ತುಂಬುತ್ತದೆಯೇ? ಸ್ಟೇಷನ್ನಿನ ಹಿಂದಿನ ಬೀದಿಯ ಹೆಂಗಸರು, ರೈಲಿನ ಇಂಜಿನ್ನಿಗೆ ನೀರು ಬಿಡುವ ಕೊಳಾಯಿಯ ಬಳಿ ಹೋಗಿ, ಬೈಸಿಕೊಂಡು, ಸೋರುವ ನೀರು ಹಿಡಿದು ತರುತ್ತಿದ್ದರು. ಅರ್ಚಕ ಅನಂತರಾಮು ಅವರ ಹೆಂಡತಿ ಸುಂದರಮ್ಮನವರಿಗೆ ಮಧ್ಯಾಹ್ನ ಕಣ್ಣು ಮುಚ್ಚಿದರೆ ಒಂದೇ ಕನಸು. ಮನೆ ಮುಂದೆ ಕೊಳಾಯಿ, ಸುರಿಯುತ್ತಲೇ ಇರುವ ನೀರು. ಬಿಂದಿಗೆ ತುಂಬುವಷ್ಟರಲ್ಲಿ ರೈಲು ಕೂಗಿ ಎಚ್ಚರವಾಗಿಬಿಡುತ್ತಿತ್ತು.

ಆ ಕನಸನ್ನು ನಿಜ ಮಾಡಲು ಹೊರಟವರು ಭಾಷ್ಯಂ. ರೈಲ್ವೆ ಗುಮಾಸ್ತರಾಗಿ ನಿವೃತ್ತರಾದವರು, ಬೀದಿಗೆ ನೀರು ತರುತ್ತೇನೆಂದು ಪುರಸಭೆ ಚುನಾವಣೆಗೆ ನಿಂತರು. ಗುರುತು ಬಿಂದಿಗೆ. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಪರದೆಯ ಹಿಂದೆ ಹೋಗಿ, ಬೇಕಾದವರ ಪೆಟ್ಟಿಗೆಯೊಳಗೆ ಚೀಟಿ ಹಾಕಬೇಕಿತ್ತು.

ಸುಂದರಮ್ಮ ಮಿಂದು, ಮಡಿಯುಟ್ಟು, ಹೆಂಗಸರಲ್ಲೆಲ್ಲ ಮೊದಲಿಗರಾಗಿ ಹೋದರು. ಬಿಂದಿಗೆಯ ಚಿತ್ರ ಕಂಡದ್ದೇ ಕಣ್ಣು ತುಂಬಿತು. ಚೀಟಿಗೆ ಕುಂಕುಮ ಹಚ್ಚಿ, ಪೆಟ್ಟಿಗೆಯ ಮೇಲಿಟ್ಟು, ಮುಡಿಯ ಹೂವನ್ನೂ ಇಟ್ಟು ಕೈಮುಗಿದು ಬಂದರು. ಹಿಂದೆ ಬಂದ ಮೂವರು ಅದನ್ನು ನೋಡಿ, ಹೀಗೇ ಇರಬೇಕೆಂದುಕೊಂಡು ಹಾಗೇ ಮಾಡಿದರು.

ಭಾಷ್ಯಂ ಮೂರೇ ಮತದಲ್ಲಿ ಸೋತರು.

"ಪೆಟ್ಟಿಗೆ ಮೇಲಿಟ್ಟಿದ್ದ ನಾಲ್ಕು ಚೀಟೀನ ಎಣಿಸಲೇ ಇಲ್ವಂತೆ," ಎಂದರು ಪಕ್ಕದ ಮನೆಯ ಶಾಲೆ ಮೇಡಂ ಅನುಸೂಯಮ್ಮ. ಸುಂದರಮ್ಮನವರು ಅಂದು ಊಟಕ್ಕೇ ಕೂರಲಿಲ್ಲ. ಮೊದಲ ಚೀಟಿ ತಮ್ಮದೆಂದು ಯಾರಿಗೂ ಹೇಳಲೂ ಇಲ್ಲ.

ನಾಲ್ಕು ವರ್ಷ ಕಳೆಯಿತು. ಸೋತರೂ ಭಾಷ್ಯಂ ಕೊಡೆ ಹಿಡಿದು, ಅರ್ಜಿ ಹಿಡಿದು ಪುರಸಭೆಗೆ ಅಲೆದರು. ಮತ್ತೆ ಚುನಾವಣೆ ಬಂತು, ಭಾಷ್ಯಂ ಮತ್ತೆ ನಿಂತರು.

"ನಾನು ಬರಲ್ಲ ಕಣ್ರೀ," ಎಂದರು ಸುಂದರಮ್ಮ. ಕರೆಯಲು ಬಂದ ಅನುಸೂಯಮ್ಮನ ಮುಂದೆ ಅಳುತ್ತಾ ಎಲ್ಲ ಹೇಳಿಬಿಟ್ಟರು. "ನಮ್ಮಂಥವರ ಕೈಗೆ ಚೀಟಿ ಕೊಡೋದೇ ತಪ್ಪು."

"ನಾನೂ ಅದೇ ಅಂದೆ. ಹೆಂಗಸರಿಗ್ಯಾಕೆ ಇದೆಲ್ಲ?" ಎಂದರು ಅನಂತರಾಮು.

ಅನುಸೂಯಮ್ಮ ಅವರ ಕಡೆ ತಿರುಗಿದರು. "ಸ್ವಾಮಿ, ಭಕ್ತರು ಹುಂಡಿ ಮೇಲೆ ಕಾಸಿಟ್ಟು ಹೋದ್ರೆ ಕಾಣಿಕೆ ಸೇರುತ್ತಾ?"

"ಅದು ಹೇಗೆ ಸೇರುತ್ತೆ? ಒಳಗೆ ಬೀಳಬೇಕು."

"ಮೇಲಿಟ್ಟವರಿಗೆ ಏನು ಮಾಡ್ತೀರಿ? ದೇವಸ್ಥಾನಕ್ಕೇ ಬರಬೇಡಿ ಅಂತೀರಾ?"

"ಛೆ ಛೆ! ಹೇಗೆ ಹಾಕಬೇಕು ಅಂತ ಹೇಳಿಕೊಡ್ತೀವಿ," ಎಂದವರೇ ಅನಂತರಾಮು ನಕ್ಕುಬಿಟ್ಟರು. "ಸೋತೆ ಕಣಮ್ಮ. ಸುಂದರಾ, ಮತದ ದಿನ ಹೊರಡು. ನಾನೂ ಬರ್ತೀನಿ."

ಮತದಾನದ ಹಿಂದಿನ ದಿನ ಅನುಸೂಯಮ್ಮ ಬಿಸ್ಕತ್ತಿನ ಡಬ್ಬಕ್ಕೆ ಸೀಳು ಮಾಡಿ ಬೀದಿಯ ಹೆಂಗಸರಿಗೆಲ್ಲ ಅಭ್ಯಾಸ ಮಾಡಿಸಿದರು. ಅಂದು ಹೂವಿಟ್ಟ ಮೂವರಲ್ಲಿ ಒಬ್ಬಳಾದ ಕೆಂಚಮ್ಮ ಕೇಳಿದಳು, "ಒಂದೆಸಳು ಹೂವಾನೂ ಬ್ಯಾಡ್ವಾ ಮೇಡಮ್ಮಾ?"

"ಹೂ ಜಡೆಗಿರಲಿ. ಚೀಟಿ ಒಳಗಿರಲಿ."

ಭಾಷ್ಯಂ ಗೆದ್ದರು. ಕೌನ್ಸಿಲಿನಲ್ಲಿ ಒಂದೂವರೆ ವರ್ಷ ಬಡಿದಾಡಿ ಬೀದಿಗೆ ಕೊಳಾಯಿ ತಂದರು. ಮೊದಲ ನೀರು ಬಂದ ದಿನ ಸುಂದರಮ್ಮ ಕೊಳಾಯಿಗೆ ಕುಂಕುಮವಿಟ್ಟು, ತಲೆ ತಗ್ಗಿಸಿಕೊಂಡು, ತಮ್ಮ ತಪ್ಪನ್ನು ಭಾಷ್ಯಂ ಅವರಿಗೆ ಹೇಳಿದರು.

ಭಾಷ್ಯಂ ಅಂದರು, "ಎಣಿಕೆ ದಿನ ಆ ಚೀಟಿ ನನಗೆ ತೋರಿಸಿದ್ರಮ್ಮ. ಕುಂಕುಮ ಹತ್ತಿತ್ತು. ಇಷ್ಟು ನಂಬಿದವರು ಇದಾರಲ್ಲ ಅಂತಲೇ ನಾನು ಮತ್ತೆ ನಿಂತಿದ್ದು. ಆದ್ರೆ ನಾಲ್ಕು ವರ್ಷ ನಿಮ್ಮ ಸೊಂಟಕ್ಕೆ ಬಿಂದಿಗೆ ತಪ್ಪಲಿಲ್ಲವಲ್ಲ ತಾಯಿ."

ಅಷ್ಟರಲ್ಲಿ ರೈಲು ಕೂಗಿತು. ಸುಂದರಮ್ಮ ಬೆಚ್ಚಿ ಕೊಳಾಯಿಯತ್ತ ನೋಡಿದರು. ನೀರು ಸುರಿಯುತ್ತಲೇ ಇತ್ತು. ಬಿಂದಿಗೆ ತುಂಬಿ ಚೆಲ್ಲುತ್ತಿತ್ತು.

ಅಕ್ಕತಂಗಿಯರೇ, ಈಗ ಎಲ್ಲ ಅಭ್ಯರ್ಥಿಗಳಿಗೂ ಸೇರಿ ಒಂದೇ ಪೆಟ್ಟಿಗೆ. ಚೀಟಿಯಲ್ಲಿ ನಿಮಗೆ ಬೇಕಾದ ಗುರುತಿಗೆ ಮುದ್ರೆ ಒತ್ತಿ, ಮಡಿಸಿ, ಒಳಗೆ ಹಾಕಿ. ತಿಳಿಯದಿದ್ದರೆ ನಾಚದೆ ಮತಗಟ್ಟೆಯ ಅಧಿಕಾರಿಯನ್ನು ಕೇಳಿ. ಸುಂದರಮ್ಮ ಒಂದು ಮಾತು ಕೇಳದೆ ನಾಲ್ಕು ವರ್ಷ ನೀರು ಹೊತ್ತರು. ನೀವು ಹೊರಬೇಡಿ.