ಹಳದಿ ಬಣ್ಣದ ಕಟ್ಟೆ

ತೃಷಾಳ ತರಗತಿಯಲ್ಲಿ ಇಪ್ಪತ್ತೆರಡು ಮಂದಿ. ಇಂಟೀರಿಯರ್ ಡಿಸೈನಿನ ಕೊನೆಯ ವರ್ಷ. ಊರಿನ ಒಂದೊಂದು ಹಳೆಯ ವ್ಯಾಪಾರದ ಕಟ್ಟಡ ಹುಡುಕಿ, ಅದಕ್ಕೊಂದು ಹೊಸ ಉಪಯೋಗ ಯೋಚಿಸಿ, ನಕ್ಷೆ ಮಾಡಿಕೊಂಡು ಬನ್ನಿ ಎಂದು ಹೇಳಿದ್ದಕ್ಕೆ ಹತ್ತೊಂಬತ್ತು ಮಂದಿ ಕೆಫೆ ಮಾಡಿಕೊಂಡು ಬಂದರು. ಹಂಚಿನ ಗೋದಾಮು ಕೆಫೆಯಾಯಿತು, ಗೇರುಬೀಜದ ಕಾರ್ಖಾನೆ ಕೆಫೆಯಾಯಿತು, ಮುಚ್ಚಿಹೋದ ಪ್ರಿಂಟಿಂಗ್ ಪ್ರೆಸ್ಸೂ ಕೆಫೆಯಾಯಿತು. ಇವೆಲ್ಲ ಕಾಗದ ಬಿಟ್ಟು ನೆಲಕ್ಕಿಳಿದರೆ ಮಂಗಳೂರಿನಲ್ಲಿ ಕಾಫಿ ಮಾಡುವವರು ಮಾತ್ರ ಇರುತ್ತಾರೆ, ಕುಡಿಯಲು ಜನ ಸಾಲುವುದಿಲ್ಲ. ಇನ್ನಿಬ್ಬರು ಕೆಫೆಯ ಮೂಲೆಯಲ್ಲೊಂದು ಪುಸ್ತಕದ ಕಪಾಟು ನಿಲ್ಲಿಸಿ ಅದಕ್ಕೆ ಲೈಬ್ರರಿ ಎಂದು ಹೆಸರಿಟ್ಟರು.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರಲ್ಲ, ಉಳಿದವಳು ತೃಷಾ. ಅವಳು ಬರೆದದ್ದು ಒಂದು ಊಟದ ಕೋಣೆ. ಹೋಟೆಲ್ಲಲ್ಲ. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತು ಕೆಲಸ ಮಾಡುವ ಹೆಂಗಸರು ಮಧ್ಯಾಹ್ನ ಬುತ್ತಿ ತಂದು, ಕೂತು ಉಂಡು, ಹತ್ತು ನಿಮಿಷ ಕಾಲು ಚಾಚಿ ಎದ್ದುಹೋಗುವ ಕೋಣೆ.

ಈ ಯೋಚನೆ ಅವಳಿಗೆ ಆಕಾಶದಿಂದ ಉದುರಿದ್ದಲ್ಲ. ಅವಳ ಅಮ್ಮ ವಾರಿಜ ಹದಿನಾಲ್ಕು ವರ್ಷಗಳಿಂದ ಕಾರ್‌ಸ್ಟ್ರೀಟಿನ ಸೀರೆ ಅಂಗಡಿಯೊಂದರಲ್ಲಿದ್ದಾರೆ. ಬೆಳಿಗ್ಗೆ ಸುರತ್ಕಲ್ಲಿನಿಂದ ಬಸ್ಸಿನಲ್ಲಿ ನಿಂತು ಬಂದು, ಅಂಗಡಿಯಲ್ಲಿ ನಿಂತು, ಸಂಜೆ ಮತ್ತೆ ಬಸ್ಸಿನಲ್ಲಿ ನಿಂತು ಹೋಗುತ್ತಾರೆ. ಗಿರಾಕಿ ಒಳಗೆ ಬರುವಾಗ ಕೆಲಸದವರು ಕೂತಿದ್ದರೆ ಅಂಗಡಿಗೆ ವ್ಯಾಪಾರವಿಲ್ಲವೆಂದು ಕಾಣುತ್ತದಂತೆ. ಇದು ಅಲ್ಲಿನ ಧಣಿಗಳ ಶಾಸ್ತ್ರ. ಊಟಕ್ಕೆ ಅರ್ಧ ಗಂಟೆ ಬಿಡುವು ಉಂಟು, ಕುರ್ಚಿ ಇಲ್ಲ. ಹಿಂದಿನ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಬುತ್ತಿ ಕೈಯಲ್ಲಿ ಹಿಡಿದೇ ಉಣ್ಣಬೇಕು. ಮನೆಗೆ ಬಂದ ಅಮ್ಮ ಬಿಸಿ ಉಪ್ಪುನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕಣ್ಣು ಮುಚ್ಚಿಕೊಳ್ಳುವುದನ್ನು ನೋಡಿಯೇ ತೃಷಾ ಬೆಳೆದದ್ದು.

ಕಟ್ಟಡವೂ ಹೇಳಿ ಮಾಡಿಸಿದ ಹಾಗೆ ಸಿಕ್ಕಿತು. ಕಾರ್‌ಸ್ಟ್ರೀಟಿನ ಹಿಂದಿನ ಓಣಿಯಲ್ಲಿ, ಅಮ್ಮನ ಪರಿಚಯದ ಸೆವರಿನ್ ಅಂಕಲ್ ಅವರ ತಂದೆಯ ಕಾಲದ ಕೊಡೆ ಅಂಗಡಿ. ಹತ್ತು ವರ್ಷಗಳಿಂದ ಬಾಗಿಲು ಮುಚ್ಚಿತ್ತು. ಒಳಗಿನ ಗೋಡೆಯ ಉದ್ದಕ್ಕೂ ಕೆಂಪುಕಲ್ಲಿನಲ್ಲಿ ಕಟ್ಟಿ ಮೇಲೆ ಕಾವಿ ಹಾಕಿದ ಇಪ್ಪತ್ತು ಅಡಿಯ ಕಟ್ಟೆ. ಹಿಂದೆ ಅದರ ಒಂದು ತುದಿಯಲ್ಲಿ ಕೊಡೆ ರಿಪೇರಿಯವರು ಚಕ್ಕಳಮಕ್ಕಳ ಹಾಕಿ ಕಡ್ಡಿ ಜೋಡಿಸುತ್ತಿದ್ದರಂತೆ. ಉಳಿದ ಉದ್ದಕ್ಕೆ ಕೊಡೆ ಕೊಟ್ಟವರು ಮಳೆ ಬಿಡುವುದನ್ನು ಕಾಯುತ್ತ ಕೂರುತ್ತಿದ್ದರಂತೆ. ಕೂತೂ ಕೂತೂ ಕಟ್ಟೆಗೆ ಅಂಥದೊಂದು ಹೊಳಪು ಬಂದಿತ್ತು. ಮೊದಲ ದಿನ ಅಳತೆ ತೆಗೆಯಲು ಹೋದವಳು ಟೇಪು ಬದಿಗಿಟ್ಟು ಅರ್ಧ ಗಂಟೆ ಅದರ ಮೇಲೆ ಸುಮ್ಮನೆ ಕೂತಿದ್ದಳು. ಅಮ್ಮನ ಅಂಗಡಿಯಿಂದ ಇಲ್ಲಿಗೆ ನಡೆದರೆ ಆರು ನಿಮಿಷ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಕಾಲೇಜಿನಲ್ಲಿ ಅವಳ ಗೈಡ್ ಫ್ಲಾವಿಯಾ ಮೇಡಂ ನಕ್ಷೆಯನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ, ಇದರಲ್ಲಿ ಡಿಸೈನ್ ಎಂತ ಉಂಟು ಎಂದು ಕೇಳಿದರು. ಕಟ್ಟೆ ಮೊದಲೇ ಇದ್ದದ್ದು, ಗೋಡೆ ಮೊದಲೇ ಇದ್ದದ್ದು, ನೀನು ಮಾಡಿದ್ದು ಎಂತ? ಒಂದು ಕಾಫಿ ಕೌಂಟರಾದರೂ ಹಾಕಬಾರದಾ? ತೃಷಾ ನಾಲ್ಕು ಸಲ ಹೊಸದಾಗಿ ಬರೆದಳು, ನಾಲ್ಕು ಸಲವೂ ಕೌಂಟರ್ ಹಾಕಲಿಲ್ಲ. ಐದನೆಯ ಸಲ ಮೇಡಂ ಸೋತು, ಬಣ್ಣದ ಮೇಲೆ ಬಿದ್ದರು. ನಕ್ಷೆಯ ಶೀಟು ಮಂಕಾಗಿದೆ, ಕಟ್ಟೆ ಕಣ್ಣಿಗೆ ಬೀಳುವುದಿಲ್ಲ, ಅದನ್ನು ಎತ್ತಿ ತೋರಿಸು ಎಂದರು. ಕಾವಿಯ ಕಟ್ಟೆ ಎಂದು ತೃಷಾ ಕೆಂಪು ಹಚ್ಚಿದರೆ, ಕೆಂಪು ಕಣ್ಣು ಚುಚ್ಚುತ್ತದೆ ಎಂದರು. ಕೊನೆಗೆ ರೋಸಿಹೋಗಿ ಹಳದಿ ಹಚ್ಚಿದಳು. ಮೇಡಂ ಮೊದಲ ಬಾರಿಗೆ ತಲೆಯಾಡಿಸಿದರು.

ಜನ ಕೂತಂತೆ ತೋರಿಸಬೇಕು ಎಂಬುದು ಇನ್ನೊಂದು ನಿಯಮ. ನಕ್ಷೆಯ ಮೇಲೆ ಅಂಟಿಸುವ ಮನುಷ್ಯರ ಚಿತ್ರಗಳು ಇಂಟರ್ನೆಟ್ಟಿನಲ್ಲಿ ರಾಶಿ ಸಿಗುತ್ತವೆ, ಆದರೆ ಬುತ್ತಿ ಹಿಡಿದ ಸೀರೆ ಅಂಗಡಿಯ ಹೆಂಗಸು ಎಲ್ಲೂ ಸಿಗಲಿಲ್ಲ. ತೃಷಾ ಹಲ್ಲು ಕಚ್ಚಿ, ಬೂಟು ಹಾಕಿದ ಮೂವರು ಬಿಳಿಯ ಹೆಂಗಸರನ್ನು ಹಳದಿ ಕಟ್ಟೆಯ ಮೇಲೆ ಕೂರಿಸಿದಳು.

ಅಷ್ಟರಲ್ಲಿ ಯಾರೂ ಎಣಿಸದ್ದು ನಡೆಯಿತು. ಸೆವರಿನ್ ಅಂಕಲ್‌ಗೆ ತೋರಿಸಲು ತೃಷಾ ಒಯ್ದ ಆ ಶೀಟನ್ನು ಅವರ ಹೆಂಡತಿ ಡೈಸಿ ಆಂಟಿ ನೋಡಿದರು. ಅವರು ಕುವೈತಿನಲ್ಲಿ ಮೂವತ್ತು ವರ್ಷ ನರ್ಸಾಗಿ ವಾರ್ಡಿನಲ್ಲಿ ನಿಂತವರು. ಈಗ ಮೊಣಕಾಲಿನ ತನಕ ಬಿಗಿ ಕಾಲುಚೀಲವಿಲ್ಲದೆ ಬಚ್ಚಲಿಗೂ ಹೋಗಲಾರರು. ಮಾಳಿಗೆಯನ್ನು ಬೇಕಾದರೆ ಬಾಡಿಗೆಗೆ ಕೊಡಿ, ಕೆಳಗಿನ ಕೋಣೆ ಈ ಹುಡುಗಿ ಬರೆದ ಹಾಗೆಯೇ ಆಗಬೇಕು ಎಂದು ಗಂಡನಿಗೆ ಹೇಳಿಬಿಟ್ಟರು. ಇಪ್ಪತ್ತೆರಡು ಮಂದಿಯಲ್ಲಿ ಒಬ್ಬಳ ನಕ್ಷೆ ನಿಜವಾಗಿ ಕಟ್ಟಡವಾಗಲು ಹೊರಟಿತು. ತೃಷಾ ಅಮ್ಮನಿಗೆ ಹೇಳಿದಳು, ಅಮ್ಮ ಇಡೀ ಅಂಗಡಿಗೆ ಹೇಳಿದರು. ಕೆಲಸ ಶುರುವಾಗುವ ಬುಧವಾರವೇ ಊಟದ ಬಿಡುವಿನಲ್ಲಿ ಬುತ್ತಿ ಹಿಡಿದುಕೊಂಡು ಬಂದು, ಆ ಕಟ್ಟೆಯ ಮೇಲೆ ಕೂತು ಉಣ್ಣುವುದೆಂದು ಅಮ್ಮನೂ ಪಕ್ಕದ ಅಂಗಡಿಯ ಐಸಮ್ಮನೂ ತಾವೇ ನಿಶ್ಚಯ ಮಾಡಿಕೊಂಡರು.

ಅದೇ ಬುಧವಾರ ಕಾಲೇಜಿನಲ್ಲಿ ಜ್ಯೂರಿ. ಹೊರಗಿನ ಪರೀಕ್ಷಕರು ಬಂದು ಪ್ರಾಜೆಕ್ಟು ನೋಡಿ ಅಂಕ ಕೊಡುವ ದಿನ. ಬೆಳಿಗ್ಗೆ ಒಂಬತ್ತೂವರೆಗೆ ತೃಷಾ ಬೋರ್ಡಿಗೆ ಶೀಟು ಚುಚ್ಚುತ್ತಿದ್ದಾಗ ಫೋನು ಬಂತು. ಚನಿಯ ಮೇಸ್ತ್ರಿ. ಅಂಕಲ್ ಗೊತ್ತು ಮಾಡಿದ್ದ, ಅರವತ್ತು ದಾಟಿದ ಗಾರೆ ಕೆಲಸದವರು.

"ಅಕ್ಕ, ಹಳದಿ ಹಾಕಿದ್ದನ್ನೇ ಮೊದಲು ಶುರು ಮಾಡುದಾ? ಒಳ್ಳೆಯ ಕಟ್ಟೆ ಮಾರಾಯ್ರೆ ಅದು."

ಎದುರಿಗೆ ಫ್ಲಾವಿಯಾ ಮೇಡಂ ಕೈಗಡಿಯಾರ ನೋಡುತ್ತಿದ್ದರು. ಎರಡು ಪಿನ್ನು ತೃಷಾಳ ಬಾಯಲ್ಲಿದ್ದವು. ಕಟ್ಟೆಯನ್ನು ಮೊದಲು ಉಜ್ಜಿ ತೊಳೆಯುವ ಕೆಲಸವೆಂದು ಅವಳು ತಿಳಿದಳು.

"ಹೌದು ಮೇಸ್ತ್ರಿ, ಅದೇ ಮುಖ್ಯ. ಡ್ರಾಯಿಂಗಿನಲ್ಲಿ ಹೇಗೆ ಉಂಟೋ ಹಾಗೆ ಮಾಡಿ," ಎಂದು ಫೋನಿಟ್ಟಳು.

ಹೊರಗಿನಿಂದ ಬಂದ ಪರೀಕ್ಷಕರು ಚಾರ್ಲ್ಸ್ ಎಂಬ ಹಿರಿಯ ಆರ್ಕಿಟೆಕ್ಟ್. ಹನ್ನೊಂದು ಕೆಫೆ ನೋಡಿ ಅವರ ಮುಖ ಹುಳ್ಳಗಾಗಿತ್ತು. ತೃಷಾಳ ಶೀಟಿನ ಮುಂದೆ ಅವರು ನಿಂತೇ ಇದ್ದರು. ಆಮೇಲೆ ಕಟ್ಟೆಯ ಮೇಲೆ ಬೆರಳಿಟ್ಟು, "ಬೇರೆಯವರೆಲ್ಲ ಇದ್ದದ್ದನ್ನು ತೆಗೆದು ತಂದದ್ದನ್ನು ಇಟ್ಟಿದ್ದಾರೆ. ನೀನು ಇದನ್ನು ಮುಟ್ಟದೆ ಬಿಟ್ಟಿದ್ದೀಯಲ್ಲ, ಅದೇ ಡಿಸೈನ್," ಎಂದರು. ಫ್ಲಾವಿಯಾ ಮೇಡಂ ಅದು ತಮ್ಮದೇ ಉಪದೇಶವೆಂಬಂತೆ ಮುಗುಳ್ನಕ್ಕರು. ತೃಷಾಳಿಗೆ ಆ ಕ್ಷಣ ಅವರ ಮೇಲೂ ಪ್ರೀತಿ ಉಕ್ಕಿತು. ಸಾಮಾನು ಕಟ್ಟಿ ಓಡಿಬಂದು ಬಸ್ಸು ಹತ್ತಿದಳು. ನಂತೂರಿನಲ್ಲಿ ಲಾರಿಗಳ ಹಿಂದೆ ಬಸ್ಸು ಮೂವತ್ತೈದು ನಿಮಿಷ ನಿಂತಿತು. ಅವಳು ಕಂಬಿ ಹಿಡಿದು ನಗುತ್ತಲೇ ಇದ್ದಳು.

ಓಣಿಗೆ ತಿರುಗಿದಾಗ ಒಂದೂಕಾಲು. ಬಾಗಿಲಲ್ಲಿ ಕೆಂಪು ಧೂಳು. ಸೆವರಿನ್ ಅಂಕಲ್ ಹೊರಗೆ ತಲೆಯ ಮೇಲೆ ಕೈಹೊತ್ತು ನಿಂತಿದ್ದರು. ಒಳಗೆ ಗೋಡೆಯುದ್ದಕ್ಕೂ ಕೆಂಪುಕಲ್ಲಿನ ಚೂರು ಮತ್ತು ಅಂಗೈಯಗಲದ ಕಾವಿಯ ಹೆಕ್ಕಳೆ. ಇಪ್ಪತ್ತು ಅಡಿಯಲ್ಲಿ ಒಂದಡಿ ಉಳಿದಿರಲಿಲ್ಲ.

ತೃಷಾ ಚನಿಯ ಮೇಸ್ತ್ರಿಗೆ ಬಾಯಿಗೆ ಬಂದ ಹಾಗೆ ಬೈದಳು. ತಂದೆಯ ವಯಸ್ಸಿನವರು ಎಂಬುದನ್ನೂ ನೋಡಲಿಲ್ಲ. ಕಣ್ಣು ಎಲ್ಲಿಟ್ಟಿದ್ದಿರಿ, ಉಳಿಸಬೇಕಾದದ್ದು ಅದೊಂದೇ ಅಲ್ಲವಾ ಎಂದು ಅರಚಿದಳು. ಚನಿಯ ಮೇಸ್ತ್ರಿ ಅಂಗಿಯ ಜೇಬಿನಿಂದ ಮಡಚಿದ ಕಾಗದ ತೆಗೆದು ಬಿಡಿಸಿ ಹಿಡಿದರು.

"ನಾನು ನಲುವತ್ತು ವರ್ಷದಿಂದ ಕಾರ್ಪೊರೇಷನ್ ಪ್ಲಾನು ನೋಡಿ ಕೆಲಸ ಮಾಡುವವ. ಕೆಂಪು ಹಾಕಿದ್ದು ಹೊಸತಾಗಿ ಕಟ್ಟಲಿಕ್ಕೆ. ಹಳದಿ ಹಾಕಿದ್ದು ಒಡೆಯಲಿಕ್ಕೆ. ಮನಸ್ಸು ಬರಲಿಲ್ಲ, ಅದಕ್ಕೇ ಫೋನು ಮಾಡಿ ಕೇಳಿದ್ದು."

ಅಂಕಲ್ ಅವಳ ದೊಡ್ಡ ಶೀಟನ್ನು ಮೊಬೈಲಿನಲ್ಲಿ ಫೋಟೋ ಹಿಡಿದು ಝೆರಾಕ್ಸ್ ಅಂಗಡಿಯಲ್ಲಿ ಸಣ್ಣ ಕಾಗದಕ್ಕೆ ಪ್ರಿಂಟು ಹಾಕಿಸಿ ಕೊಟ್ಟಿದ್ದರು. ಯಾವ ಬಣ್ಣ ಯಾವುದಕ್ಕೆ ಎಂದು ಅವಳು ಮೂಲೆಯಲ್ಲಿ ಬರೆದ ಪಟ್ಟಿ ಕತ್ತರಿಸಿಹೋಗಿತ್ತು. ತೆಗೆಯಬೇಕಾದ ಮರದ ಅಡ್ಡಗೋಡೆಗೆ ಹಾಕಿದ್ದ ಚುಕ್ಕೆ ಗೆರೆಗಳು ಅಳಿಸಿಹೋಗಿದ್ದವು. ಎದ್ದು ಕಾಣುತ್ತಿದ್ದದ್ದು ಹಳದಿಯೊಂದೇ. ನಾನೂ ಹಳದಿ ನೋಡಿದೆ, ಕಾಲೇಜಿನವರಿಗೆ ಗೊತ್ತಿರ್ತದೆ ಎಂದು ಸುಮ್ಮನಾದೆ ಎಂದು ಅಂಕಲ್ ಗೊಣಗಿದರು.

ಕಾಲೇಜಿನವರಿಗೆ ಗೊತ್ತಿತ್ತು. ಅದೇ ಅವಳ ಎದೆಗೆ ಚುಚ್ಚಿದ್ದು. ಎರಡನೆಯ ವರ್ಷದ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ: ಕೆಡವಬೇಕಾದ ಭಾಗವನ್ನು ಯಾವ ಬಣ್ಣದಲ್ಲಿ ತೋರಿಸುತ್ತಾರೆ? ಹಳದಿ ಎಂದು ಬರೆದು ಎರಡಕ್ಕೆರಡು ತೆಗೆದವಳು ಅವಳೇ. ಮೇಡಮ್ಮನ ಕಣ್ಣಿಗೆ ಬೀಳಲಿ ಎಂದು ಬಣ್ಣ ಹಚ್ಚುವಾಗ, ಆ ಕಾಗದ ಒಂದು ದಿನ ಗಾರೆ ಕೆಲಸದವರ ಕೈಗೆ ಹೋಗುತ್ತದೆಂದು ಅವಳಿಗೆ ಹೊಳೆದಿರಲೇ ಇಲ್ಲ. ನಾಲ್ಕು ವರ್ಷದಲ್ಲಿ ಅವಳ ಯಾವ ನಕ್ಷೆಯೂ ಜ್ಯೂರಿಯ ಬೋರ್ಡು ದಾಟಿ ಹೋಗಿರಲಿಲ್ಲ. ಬೈಯಲು ತನ್ನನ್ನು ಬಿಟ್ಟರೆ ಬೇರೆ ಯಾರೂ ಉಳಿದಿರಲಿಲ್ಲ.

ಒಂದೂವರೆಗೆ ಸರಿಯಾಗಿ ಅಮ್ಮ ಬಂದರು. ಜೊತೆಗೆ ಐಸಮ್ಮ. ಇಬ್ಬರ ಕೈಯಲ್ಲೂ ಬುತ್ತಿ. ಬೇಗ ಬೇಗ ನಡೆದು ಬಂದ ಏದುಸಿರಿನಲ್ಲೇ ಅಮ್ಮ ಒಳಗೆ ಕಣ್ಣಾಡಿಸಿದರು. ಯಾರು ಒಡೆದದ್ದು ಎಂದು ಕೇಳಿದರು. ಚನಿಯ ಮೇಸ್ತ್ರಿ ತಲೆ ತಗ್ಗಿಸಿದರು.

"ಮೇಸ್ತ್ರಿಯದ್ದು ಎಂತ ತಪ್ಪಿಲ್ಲ ಅಮ್ಮ," ಎಂದಳು ತೃಷಾ. "ಒಡೀರಿ ಅಂತ ಬರೆದು ಕೊಟ್ಟದ್ದು ನಾನು. ಫೋನಿನಲ್ಲಿ ಹೌದು ಅಂದದ್ದೂ ನಾನೇ."

ಅಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮೇಸ್ತ್ರಿಯ ಕೈಯಿಂದ ಕಾಗದ ಈಸಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಹಳದಿ ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ ಮೂವರು ಬಿಳಿಯ ಹೆಂಗಸರ ಮೇಲೆ ಅವರ ಕಣ್ಣು ನಿಂತಿತು.

"ನೋಡು ಐಸಮ್ಮ," ಎಂದರು. "ಇವರಿಗಾದರೂ ಕೂತ್ಕೊಳ್ಳಲಿಕ್ಕೆ ಜಾಗ ಸಿಕ್ಕಿತು."

ಕುಚೋದ್ಯಕ್ಕೆ ಹೇಳಿದ್ದಲ್ಲ. ಅದಕ್ಕೇ ತೃಷಾಳಿಗೆ ಸಹಿಸಲಾಗಲಿಲ್ಲ. ಚನಿಯ ಮೇಸ್ತ್ರಿ ಗಡಿಬಿಡಿಯಿಂದ ಎರಡು ಕಲ್ಲಿನ ಮೇಲೊಂದು ಹಲಗೆ ಇಟ್ಟು ಹೆಗಲ ಮೇಲಿನ ಬೈರಾಸಿನಲ್ಲಿ ಒರೆಸಿದರು. ಐಸಮ್ಮ ಅದರ ತುದಿಯಲ್ಲಿ ಅಂಜುತ್ತ ಕೂತರು. ಅಮ್ಮ ಕೂರಲಿಲ್ಲ. ಕಟ್ಟೆ ಇದ್ದ ಗೋಡೆಗೆ ಒರಗಿ ನಿಂತು ಬುತ್ತಿ ಬಿಚ್ಚಿದರು. ಕೂರಿ ಎಂದು ತೃಷಾ ಎರಡೆರಡು ಸಲ ಹೇಳಿದಳು.

"ಬೇಡ ಮಗಾ. ಕೂತರೆ ಏಳಲಿಕ್ಕೆ ಹೊತ್ತು ಬೇಕು ನನಗೆ. ಇನ್ನು ಹದಿನೈದೇ ನಿಮಿಷ ಇರುದು."

ಗಂಜಿ, ಬಸಳೆಯ ಪದಾರ್ಥ, ಒಂದು ಮಾವಿನಮಿಡಿ. ಎಂಟು ನಿಮಿಷದಲ್ಲಿ ಉಂಡು, ಮೋರಿಯ ಬಳಿ ಕೈತೊಳೆದು ಇಬ್ಬರೂ ಹೊರಟುಹೋದರು. ಓಣಿಯ ತಿರುವಿನ ತನಕ ಅಮ್ಮ ಎಡಗಾಲು ಎಳೆದುಕೊಂಡು ಹೋಗುವುದನ್ನು ತೃಷಾ ನೋಡಿದಳು.

ಅವರು ಹೋದ ಬೆನ್ನಿಗೇ ಫ್ಲಾವಿಯಾ ಮೇಡಂ ಫೋನು. ಚಾರ್ಲ್ಸ್ ಸರ್ ತುಂಬ ಮೆಚ್ಚಿದ್ದಾರೆ, ಅತಿ ಹೆಚ್ಚು ಅಂಕ ಅವಳಿಗೇ, ಕಾಲೇಜಿನ ಪ್ರದರ್ಶನಕ್ಕೆ ಕಟ್ಟೆಯದೊಂದು ಒಳ್ಳೆಯ ಫೋಟೋ ಬೇಕು. ತೃಷಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಮೇಲೆ ಮೇಡಂ ಸ್ವರ ತಗ್ಗಿಸಿ, ಹಳೆಯ ಫೋಟೋ ಉಂಟಲ್ಲ, ಅದನ್ನೇ ಕಳಿಸು, ಒಡೆದದ್ದು ಯಾರಿಗೂ ಗೊತ್ತಾಗಬೇಕೆಂದಿಲ್ಲ ಎಂದರು. ಶೀಟಿನಲ್ಲಿ ಕಟ್ಟೆ ಸರಿಯಾಗಿಯೇ ಉಂಟಲ್ಲ ಎಂದೂ ಸೇರಿಸಿದರು.

ಪ್ರದರ್ಶನಕ್ಕೆ ನನ್ನ ಶೀಟು ಬೇಡ ಮೇಡಂ ಎಂದು ತೃಷಾ ಫೋನು ಕಟ್ ಮಾಡಿದಳು.

ಚನಿಯ ಮೇಸ್ತ್ರಿ ಆಗಲೇ ಚೂರುಗಳ ನಡುವಿನಿಂದ ಇಡೀ ಉಳಿದ ಕಲ್ಲುಗಳನ್ನು ಹೆಕ್ಕಿ ಒಂದು ಬದಿಗೆ ಒಟ್ಟುತ್ತಿದ್ದರು. ಅರ್ಧದಷ್ಟು ಕಲ್ಲು ಸರಿ ಉಂಟು ಎಂದರು. ಕಾವಿ ಹಾಕಿಕೊಡಬಹುದು, ಆದರೆ ಆ ಹೊಳಪು ತನ್ನ ಕೈಯಿಂದ ಬರುವುದಲ್ಲ, ಜನ ಕೂತು ಬರಬೇಕಾದ್ದು ಎಂದರು. ಅಂಕಲ್ ಬಾಗಿಲಲ್ಲೇ ನಿಂತು, ಡೈಸಿಗೆ ಏನು ಹೇಳುವುದು ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು.

ಗೋಡೆಯಲ್ಲಿ ಕಟ್ಟೆಯ ಮೇಲ್ಮೈ ತಾಗಿದ್ದ ಕಡೆ ಕಾವಿಯ ಸಣ್ಣ ಗೆರೆಯೊಂದು ಅಲ್ಲಲ್ಲಿ ಉಳಿದಿತ್ತು. ತೃಷಾ ಮೇಸ್ತ್ರಿಯ ಕಿವಿಯ ಮೇಲಿದ್ದ ಪೆನ್ಸಿಲು ಕೇಳಿ ತೆಗೆದುಕೊಂಡಳು. ಧೂಳಿನಲ್ಲಿ ಮೊಣಕಾಲೂರಿ, ಆ ಗೆರೆ ಅಳಿಸಿದಲ್ಲೆಲ್ಲ ಜೋಡಿಸುತ್ತ, ಗೋಡೆಯ ಈ ತುದಿಯಿಂದ ಆ ತುದಿಯ ತನಕ ಎಳೆದಳು. ಇಪ್ಪತ್ತು ಅಡಿ ಮುಗಿಯುವಾಗ ಕಣ್ಣೀರಿಗೂ ಧೂಳು ಮೆತ್ತಿಕೊಂಡಿತ್ತು.

ಚನಿಯ ಮೇಸ್ತ್ರಿ ಕೈಯಲ್ಲಿ ಕಲ್ಲು ಹಿಡಿದು ಆ ಗೆರೆಯನ್ನೇ ನೋಡುತ್ತ ನಿಂತಿದ್ದರು. ಕಲ್ಲು ಇಡಲಿಲ್ಲ.

"ಅಕ್ಕ, ಇದು ಕಟ್ಟಲಿಕ್ಕಾ, ಒಡೆಯಲಿಕ್ಕಾ?" ಎಂದು ಕೇಳಿದರು. "ಈ ಸಲ ಬಾಯಲ್ಲೇ ಹೇಳಿ."